ಕಾರ್ಬ್ ಕಡಿಮೆ, ಓಡಾಟ ಜಾಸ್ತಿ: ಎರಡೂ ಸೇರಿದರೆ ಸಕ್ಕರೆ ಕಾಯಿಲೆಗೆ ಏನಾಗುತ್ತದೆ?

ಶುಗರ್ ಇದೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಹೇಳುವ ಮಾತು ಎರಡು. ಪಿಷ್ಟ, ಸಿಹಿ, ಅಂದರೆ ಕಾರ್ಬ್ (ಕಾರ್ಬೊಹೈಡ್ರೇಟ್) ಕಡಿಮೆ ಮಾಡಿ. ದಿನಾ ವಾಕಿಂಗ್ ಹೋಗಿ. ಮಾತು ಸರಿಯೇ. ಆದರೆ ಎರಡನ್ನೂ ಒಟ್ಟಿಗೆ ಮಾಡಿದಾಗ ದೇಹದೊಳಗೆ ಏನು ನಡೆಯುತ್ತದೆ, ಲಾಭ ಎಷ್ಟು, ಅಪಾಯ ಎಲ್ಲಿ ಅಂತ ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ಅನೇಕರು ಎರಡು ಊಹೆಗಳಲ್ಲಿ ಒಂದನ್ನು ಹಿಡಿದುಕೊಳ್ಳುತ್ತಾರೆ. ಒಂದು, 'ಊಟ ಸರಿ ಮಾಡಿಕೊಂಡಿದ್ದೇನೆ, ಇನ್ನು ವ್ಯಾಯಾಮ ಯಾಕೆ?' ಇನ್ನೊಂದು, 'ಎರಡೂ ಮಾಡಿದರೆ ಡಬಲ್ ಲಾಭ, ಮಾತ್ರೆ ಬಿಟ್ಟುಬಿಡಬಹುದು.' ಮೊದಲನೆಯದು ತಪ್ಪು. ಎರಡನೆಯದು ತಪ್ಪಷ್ಟೇ ಅಲ್ಲ, ಕೆಲವರಿಗೆ ಪ್ರಾಣಕ್ಕೇ ಅಪಾಯ.

ಇದು ಬೆರಳೆಣಿಕೆಯ ಜನರ ವಿಷಯವಲ್ಲ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಲೆಕ್ಕದ ಪ್ರಕಾರ 2024ರಲ್ಲಿ ಜಗತ್ತಿನಲ್ಲಿ 20ರಿಂದ 79 ವರ್ಷದೊಳಗಿನ 58.9 ಕೋಟಿ ಜನರಿಗೆ ಡಯಾಬಿಟಿಸ್ ಇತ್ತು. ಒಂಬತ್ತು ಜನರಲ್ಲಿ ಒಬ್ಬರಿಗೆ. ಅದರಲ್ಲಿ ಬಹುಪಾಲು ಟೈಪ್ 2, ಅಂದರೆ ಇನ್ಸುಲಿನ್ ಹಾರ್ಮೋನಿಗೆ ದೇಹ ಸರಿಯಾಗಿ ಸ್ಪಂದಿಸದ ಬಗೆ. ನಾನು ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಅವರಿಗಾಗಿ.

ಐದು ಗ್ರಾಂ ಲೆಕ್ಕ

ಮೊದಲು ಒಂದು ಲೆಕ್ಕ ನೋಡಿ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಶುಗರ್ ಅಳೆಯುವ ಮೀಟರ್ 100 ತೋರಿಸಿದರೆ, ಪ್ರತಿ ಡೆಸಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಗ್ಲುಕೋಸ್ ಇದೆ ಅಂತ ಅರ್ಥ. ಒಟ್ಟು ರಕ್ತಕ್ಕೆ ಕೂಡಿಸಿದರೆ 5 ಗ್ರಾಂ. ಒಂದು ಟೀ ಚಮಚದಷ್ಟು. ಅಷ್ಟೇ!

ಈಗ 75 ಗ್ರಾಂ ಕಾರ್ಬ್ ಇರುವ ಊಟ ಮಾಡಿದಿರಿ ಅಂದುಕೊಳ್ಳಿ. ಇದೇನೂ ಭಾರಿ ಊಟವಲ್ಲ. ಧಾನ್ಯವೇ ಮುಖ್ಯವಾಗಿರುವ ಸಾಧಾರಣ ಊಟದಲ್ಲೇ ಇಷ್ಟು ಬಂದುಬಿಡುತ್ತದೆ. ಅಷ್ಟೂ ಗ್ಲುಕೋಸ್ ಆಗಿ ರಕ್ತದಲ್ಲೇ ನಿಂತಿದ್ದರೆ ಮೀಟರ್ 1,600 ತೋರಿಸಬೇಕಿತ್ತು. ಆದರೆ ಆರೋಗ್ಯವಂತರಲ್ಲಿ ಊಟದ ನಂತರವೂ ಅದು 140 ದಾಟುವುದು ಕಡಿಮೆ. ಶುಗರ್ ಇರುವವರಲ್ಲಿ 200, 250, ಕೆಲವೊಮ್ಮೆ ಇನ್ನೂ ಮೇಲೆ. ಅಂದರೆ ಕಾಯಿಲೆ ಇದ್ದಾಗಲೂ ಬಂದ ಸಕ್ಕರೆಯ ಬಹುಪಾಲು ರಕ್ತ ಬಿಟ್ಟು ಎಲ್ಲಿಗೋ ಹೋಗುತ್ತಿದೆ. ತೊಂದರೆ ಏನೆಂದರೆ, ಬರುವ ವೇಗಕ್ಕೆ ತಕ್ಕಂತೆ ಹೋಗುತ್ತಿಲ್ಲ.

ಹೋಗುವ ಜಾಗ ಯಾವುದು? ಲಿವರ್ ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತದೆ, ಹೆಚ್ಚೆಂದರೆ 100 ಗ್ರಾಂ. ದೊಡ್ಡ ಉಗ್ರಾಣ ಸ್ನಾಯುಗಳದ್ದು. ಅಲ್ಲಿ 400 ಗ್ರಾಂವರೆಗೆ ಜಾಗ ಇದೆ. ಪ್ರಯೋಗಾಲಯದಲ್ಲಿ ಇನ್ಸುಲಿನ್ ಕೊಟ್ಟು ಅಳೆದಾಗ, ರಕ್ತದಿಂದ ಹೊರಹೋಗುವ ಗ್ಲುಕೋಸ್‌ನಲ್ಲಿ ಶೇ. 80ರವರೆಗೂ ಸ್ನಾಯುಗಳೇ ಎಳೆದುಕೊಳ್ಳುತ್ತವೆ. ಟೈಪ್ 2 ಕಾಯಿಲೆಯಲ್ಲಿ ಈ ಸ್ನಾಯುಗಳೇ ಇನ್ಸುಲಿನ್ ಮಾತು ಕೇಳದಂತಾಗುತ್ತವೆ. ಲಿವರ್ ಕೂಡ ಕೇಳುವುದಿಲ್ಲ. ಬೇಡದ ಹೊತ್ತಿನಲ್ಲೂ ಸಕ್ಕರೆ ಬಿಡುತ್ತಲೇ ಇರುತ್ತದೆ. ಜೊತೆಗೆ ಇನ್ಸುಲಿನ್ ತಯಾರಿಸುವ ಪ್ಯಾಂಕ್ರಿಯಾಸ್‌ನ ಬೀಟಾ ಕೋಶಗಳು ದುಡಿದು ದುಡಿದು ಸೋಲುತ್ತಾ ಬರುತ್ತವೆ.

ಕಾರ್ಬ್ ಇಳಿಸಿದಾಗ ಒಳಗೆ ಬರುವುದು ಕಡಿಮೆಯಾಗುತ್ತದೆ. ಇದು ಎಲ್ಲರಿಗೂ ಅರ್ಥವಾಗುವ ಭಾಗ. ಹೊರಹೋಗುವ ಕಡೆಯ ಕತೆ ಇದಕ್ಕಿಂತ ಸ್ವಾರಸ್ಯ.

ಸ್ನಾಯುವಿನ ಹಿಂಬಾಗಿಲು

ಗ್ಲುಕೋಸ್ ತಾನಾಗಿಯೇ ಸ್ನಾಯುವಿನ ಕೋಶದೊಳಗೆ ಹೋಗಲಾರದು. ಅದನ್ನು ಒಳಗೆ ಬಿಡುವ ಪ್ರೋಟೀನ್ ಒಂದಿದೆ, ಹೆಸರು ಗ್ಲುಟ್4. ಸಾಮಾನ್ಯವಾಗಿ ಇದು ಕೋಶದ ಒಳಗಡೆ ಸುಮ್ನೆ ಕೂತಿರುತ್ತದೆ. ಇನ್ಸುಲಿನ್ ಬಂದು ಸಂದೇಶ ಕೊಟ್ಟರೆ ಎದ್ದು ಕೋಶದ ಗೋಡೆಗೆ ಬರುತ್ತದೆ, ಆಗ ಸಕ್ಕರೆ ಒಳಗೆ ಹೋಗುತ್ತದೆ. ಇನ್ಸುಲಿನ್ ಪ್ರತಿರೋಧ ಅಂದರೆ ಈ ಸಂದೇಶ ಸರಿಯಾಗಿ ತಲುಪದೇ ಇರುವುದು.

ಆದರೆ ಸ್ನಾಯುವಿಗೆ ಹಿಂಬಾಗಿಲು ಒಂದಿದೆ. ಸ್ನಾಯು ಕುಗ್ಗಿ ಹಿಗ್ಗಿದಾಗ, ಅಂದರೆ ನಡೆದಾಗ, ಮೆಟ್ಟಿಲು ಹತ್ತಿದಾಗ, ಭಾರ ಎತ್ತಿದಾಗ, ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಶಕ್ತಿ ಖರ್ಚಾಗುತ್ತಿದೆ ಅಂತ ಬೇರೆ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಅವು ಇನ್ಸುಲಿನ್ ಅಪ್ಪಣೆಗೆ ಕಾಯದೆ ಅದೇ ಗ್ಲುಟ್4 ಅನ್ನು ಗೋಡೆಗೆ ತರುತ್ತವೆ. ನನಗೆ ಈ ವಿಷಯದಲ್ಲಿ ಅತ್ಯಂತ ಭರವಸೆ ಕೊಡುವ ಸಂಗತಿ ಇದೇ: ವರ್ಷಗಟ್ಟಲೆ ಟೈಪ್ 2 ಇದ್ದವರಲ್ಲೂ ಈ ಹಿಂಬಾಗಿಲು ಕೆಲಸ ಮಾಡುತ್ತದೆ. ಇನ್ಸುಲಿನ್ ದಾರಿ ಮಂದವಾಗಿದ್ದರೂ ಓಡಾಟದ ದಾರಿ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ.

ಇನ್ನೊಂದು ಲಾಭವೂ ಇದೆ. ವ್ಯಾಯಾಮ ಮುಗಿದ ಮೇಲೂ ಸ್ನಾಯು ಖರ್ಚಾದ ದಾಸ್ತಾನನ್ನು ತುಂಬಿಕೊಳ್ಳಬೇಕಲ್ಲ, ಹಾಗಾಗಿ ಇನ್ಸುಲಿನ್ ಮಾತನ್ನು ಎಂದಿಗಿಂತ ಚೆನ್ನಾಗಿ ಕೇಳುತ್ತದೆ. ಈ ಪರಿಣಾಮ ಒಂದು ದಿನದಿಂದ ಮೂರು ದಿನದವರೆಗೆ ಇರುತ್ತದೆ. ಆಮೇಲೆ ಕರಗುತ್ತದೆ. ಸತತ ಎರಡು ದಿನಕ್ಕಿಂತ ಜಾಸ್ತಿ ಬಿಡುವು ಕೊಡಬೇಡಿ ಅಂತ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಹೇಳುವುದರ ಹಿಂದಿರುವ ಕಾರಣ ಇದು. ವಾರಕ್ಕೆ 150 ನಿಮಿಷ ಅಂತ ಅವರು ಹೇಳಿದ್ದನ್ನು ಕೆಲವರು ಭಾನುವಾರ ಒಂದೇ ದಿನ ಮುಗಿಸಲು ನೋಡುತ್ತಾರೆ. ತೂಕ, ಹೃದಯಕ್ಕೆ ಅದರಿಂದ ಒಳ್ಳೆಯದಾಗಬಹುದು. ಆದರೆ ಶುಗರ್ ಮಟ್ಟಿಗೆ ಗುರುವಾರದ ಊಟಕ್ಕೆ ಅದರಿಂದ ಸಹಾಯ ಸಿಗುವುದಿಲ್ಲ.

ಕಡಿಮೆ ಕಾರ್ಬ್ ಅಂದರೆ ಎಷ್ಟು ಕಡಿಮೆ?

ಇಲ್ಲೇ ಗೊಂದಲ ಶುರುವಾಗುವುದು. ಸಂಶೋಧಕರು ಸಾಮಾನ್ಯವಾಗಿ ದಿನಕ್ಕೆ 130 ಗ್ರಾಂಗಿಂತ ಕಡಿಮೆ ಕಾರ್ಬ್ ಇದ್ದರೆ ಅದನ್ನು ಕಡಿಮೆ ಕಾರ್ಬ್ ಆಹಾರ ಅನ್ನುತ್ತಾರೆ. 20ರಿಂದ 50 ಗ್ರಾಂ ಒಳಗಿದ್ದರೆ ಅತಿ ಕಡಿಮೆ, ಅಂದರೆ ಜನ ಕೀಟೊ ಅನ್ನುವುದು. ಎರಡಕ್ಕೂ ಬಹಳ ಅಂತರ ಇದೆ. ದಿನಕ್ಕೆ 300 ಗ್ರಾಂ ತಿನ್ನುತ್ತಿದ್ದವರು 130ಕ್ಕೆ ಬಂದರೆ ಅದೇ ದೊಡ್ಡ ಬದಲಾವಣೆ. ಅದಕ್ಕೆ ಕೀಟೊ ಆಗಬೇಕಾಗಿಲ್ಲ.

ಈ ದಾರಿ ಹೊಸದೂ ಅಲ್ಲ. 1797ರಲ್ಲೇ ಜಾನ್ ರಾಲೊ ಎಂಬ ಬ್ರಿಟಿಷ್ ಸೇನಾ ವೈದ್ಯ ಸಕ್ಕರೆ ಕಾಯಿಲೆಯ ಸೈನಿಕನೊಬ್ಬನಿಗೆ ಮಾಂಸ ಹೆಚ್ಚು, ಪಿಷ್ಟ ತೀರಾ ಕಡಿಮೆ ಇರುವ ಆಹಾರ ಕೊಟ್ಟು ಫಲ ಕಂಡದ್ದನ್ನು ಬರೆದಿಟ್ಟಿದ್ದಾನೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೂ ವೈದ್ಯರ ಕೈಯಲ್ಲಿ ಇದ್ದದ್ದು ಆಹಾರ ಕಡಿತ ಒಂದೇ. ಇನ್ಸುಲಿನ್ ಬಂದ ಮೇಲೆ ಅಮೆರಿಕದ ವೈದ್ಯ ಎಲಿಯಟ್ ಜೋಸ್ಲಿನ್ ಆಹಾರ, ಇನ್ಸುಲಿನ್, ವ್ಯಾಯಾಮ ಮೂರನ್ನೂ ಒಟ್ಟಿಗೆ ನಡೆಸಬೇಕು ಅಂತ ಪ್ರತಿಪಾದಿಸಿದರು. ನೂರು ವರ್ಷ ಕಳೆದರೂ ನಾವು ಅದನ್ನೇ ಮತ್ತೆ ಕಲಿಯುತ್ತಿದ್ದೇವೆ.

ಪುರಾವೆ ಏನು ಹೇಳುತ್ತದೆ? 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆ 23 ಪ್ರಯೋಗಗಳನ್ನು, ಒಟ್ಟು 1,357 ಜನರನ್ನು ಒಟ್ಟಿಗೆ ನೋಡಿತು. ಆರು ತಿಂಗಳಿಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಶೇ. 6.5ಕ್ಕಿಂತ ಕೆಳಗೆ ಬಂದವರು ಕಡಿಮೆ ಕಾರ್ಬ್ ಗುಂಪಿನಲ್ಲಿ ಶೇ. 57, ಬೇರೆ ಆಹಾರದ ಗುಂಪಿನಲ್ಲಿ ಶೇ. 31. ಇದರಲ್ಲಿ ಮಾತ್ರೆ ತೆಗೆದುಕೊಳ್ಳುತ್ತಾ ಇಳಿಸಿದವರೂ ಸೇರಿದ್ದಾರೆ. ಅಂಕಿ ಚೆನ್ನಾಗಿಯೇ ಇದೆ ಅಲ್ವಾ? ಆದರೆ ಅದೇ ವಿಶ್ಲೇಷಣೆಯಲ್ಲಿ ಹನ್ನೆರಡು ತಿಂಗಳ ಹೊತ್ತಿಗೆ ಲಾಭ ಬಹಳಷ್ಟು ಸವೆದುಹೋಗಿತ್ತು. ಕಡಿಮೆ ಕಾರ್ಬ್ ಪರವಾಗಿ ಮಾತಾಡುವವರು ಮೊದಲ ಅರ್ಧ ಹೇಳುತ್ತಾರೆ, ವಿರೋಧಿಸುವವರು ಎರಡನೇ ಅರ್ಧ. ಎರಡೂ ನಿಜ. ಆರು ತಿಂಗಳ ಕೆಲಸಕ್ಕೆ ಈ ಆಹಾರ ಚೆನ್ನಾಗಿ ಒದಗುತ್ತದೆ, ಆಮೇಲೆ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಜನ ಹಳೆಯ ಊಟಕ್ಕೆ ನಿಧಾನವಾಗಿ ಜಾರುತ್ತಾರೆ.

ಒಂದಕ್ಕೆ ಒಂದು ಕೂಡಿಸಿದರೆ ಎರಡಾಗುತ್ತದೆಯೇ?

ಇಲ್ಲ. ಇದನ್ನು ನೇರವಾಗಿ ಹೇಳುವುದು ಮುಖ್ಯ.

ಚೀನಾದ ಡಾಚಿಂಗ್ ನಗರದಲ್ಲಿ 1986ರಲ್ಲಿ ಶುರುವಾದ ಅಧ್ಯಯನ ಒಂದಿದೆ. ಶುಗರ್ ಗಡಿಯಲ್ಲಿದ್ದ, ಇನ್ನೂ ಕಾಯಿಲೆ ಆಗಿರದ 577 ಜನರನ್ನು ತೆಗೆದುಕೊಂಡರು. ಕೆಲವರಿಗೆ ಆಹಾರ ಬದಲಾವಣೆ ಮಾತ್ರ, ಕೆಲವರಿಗೆ ವ್ಯಾಯಾಮ ಮಾತ್ರ, ಕೆಲವರಿಗೆ ಎರಡೂ. ಆರು ವರ್ಷ ನೋಡಿದರು. ಏನೂ ಮಾಡದ ಗುಂಪಿಗೆ ಹೋಲಿಸಿದರೆ ಡಯಾಬಿಟಿಸ್ ಆಗುವ ಅಪಾಯ ಆಹಾರದಿಂದ ಶೇ. 31 ಇಳಿಯಿತು. ವ್ಯಾಯಾಮದಿಂದ ಶೇ. 46. ಎರಡೂ ಮಾಡಿದವರಲ್ಲಿ? ಶೇ. 42. ಕೂಡಿಸಿದರೆ 77 ಬರಬೇಕಿತ್ತು ಅಂತ ಕಾದವರಿಗೆ ಇದು ನಿರಾಸೆ. ಅಲ್ಲಿನ ಆಹಾರ ಇಂದಿನ ಅರ್ಥದ ಕಡಿಮೆ ಕಾರ್ಬ್ ಆಗಿರಲಿಲ್ಲ, ಅದು ಬೇರೆ ಮಾತು. ಆದರೂ ಪಾಠ ಸ್ಪಷ್ಟ. ಎರಡೂ ಒಂದೇ ಸಮಸ್ಯೆಯನ್ನು ಎರಡು ಕಡೆಯಿಂದ ಹಿಡಿಯುತ್ತವೆ. ಒಂದು ಕಡೆಯಿಂದ ಆಗಲೇ ಇಳಿದದ್ದನ್ನು ಇನ್ನೊಂದು ಕಡೆಯಿಂದ ಮತ್ತೆ ಇಳಿಸಲು ಆಗುವುದಿಲ್ಲ.

ಕಡಿಮೆ ಕಾರ್ಬ್ ಮತ್ತು ವ್ಯಾಯಾಮವನ್ನೇ ಜೋಡಿಸಿ ನೋಡಿದ ಒಳ್ಳೆಯ ಪ್ರಯೋಗ ಆಸ್ಟ್ರೇಲಿಯಾದ ಅಡಿಲೇಡ್‌ನದ್ದು, ಫಲಿತಾಂಶ ಬಂದದ್ದು 2015ರಲ್ಲಿ. ಟೈಪ್ 2 ಜೊತೆಗೆ ಬೊಜ್ಜೂ ಇದ್ದ 115 ಜನ, 52 ವಾರ. ಅರ್ಧ ಜನರಿಗೆ ಶಕ್ತಿಯ ಶೇ. 14 ಮಾತ್ರ ಕಾರ್ಬ್‌ನಿಂದ ಬರುವ ಆಹಾರ. ಉಳಿದರ್ಧಕ್ಕೆ ಶೇ. 53 ಕಾರ್ಬ್, ಕೊಬ್ಬು ಕಡಿಮೆ. ಎರಡೂ ಗುಂಪಿಗೆ ಕ್ಯಾಲರಿ ಸಮ. ಎರಡಕ್ಕೂ ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ವ್ಯಾಯಾಮ. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ತೂಕ ಹತ್ತು ಕಿಲೊ ಆಸುಪಾಸು ಇಳಿದಿತ್ತು. ಎಚ್‌ಬಿಎ1ಸಿ ಎರಡರಲ್ಲೂ ಸುಮಾರು 1 ಶೇಕಡಾ ಅಂಶ ಇಳಿದಿತ್ತು.

ಹಾಗಾದರೆ ಕಾರ್ಬ್ ಇಳಿಸಿ ಏನು ಬಂತು? ಇಲ್ಲಿ ಸ್ವಲ್ಪ ನಿಲ್ಲಬೇಕು. ಎಚ್‌ಬಿಎ1ಸಿ ಒಂದನ್ನೇ ನೋಡಿದರೆ ಏನೂ ಬರಲಿಲ್ಲ. ಆದರೆ ಕಡಿಮೆ ಕಾರ್ಬ್ ಗುಂಪಿನವರು ಅಷ್ಟೇ ಇಳಿಕೆಯನ್ನು ಹೆಚ್ಚು ಔಷಧ ಕಡಿತ ಮಾಡಿಕೊಂಡು ಸಾಧಿಸಿದ್ದರು. ದಿನವಿಡೀ ಸಕ್ಕರೆ ಏರಿಳಿಯುವುದು ಅವರಲ್ಲಿ ಕಡಿಮೆ ಇತ್ತು. ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಜಾಸ್ತಿ ಇಳಿದಿತ್ತು, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಏರಿತ್ತು. ಎಚ್‌ಬಿಎ1ಸಿ ಅನ್ನುವುದು ಎರಡು ಮೂರು ತಿಂಗಳ ಸರಾಸರಿ. ಬೆಳಗ್ಗೆ 70, ಮಧ್ಯಾಹ್ನ 250 ಆಗುವವರಿಗೂ, ದಿನವಿಡೀ 150ರ ಹತ್ತಿರ ಇರುವವರಿಗೂ ಅದು ಒಂದೇ ಅಂಕಿ ಕೊಡಬಹುದು. ಆದರೆ ಇಬ್ಬರ ದಿನವೂ ಒಂದೇ ಅಲ್ಲ. ಜೋಡಿ ದಾರಿಯ ಲಾಭವನ್ನು ಹುಡುಕಬೇಕಾದದ್ದು ಈ ಏರಿಳಿತದಲ್ಲಿ, ಮಾತ್ರೆಯ ಡೋಸ್‌ನಲ್ಲಿ. ನಾನು ಹೇಳಹೊರಟ ಮುಖ್ಯ ಮಾತು ಇದು. ಎರಡೂ ಸೇರಿ ದೊಡ್ಡ ಅಂಕಿ ಕೊಡುತ್ತವೆ ಅಂತಲ್ಲ, ಒಂದರಿಂದ ಆಗದ ಕೆಲಸವನ್ನು ಇನ್ನೊಂದು ಮಾಡುತ್ತದೆ.

ಸ್ನಾಯುವಿನ ವಿಷಯ ತೆಗೆದುಕೊಳ್ಳಿ. ಆಹಾರ ಒಂದರಿಂದಲೇ ತೂಕ ಇಳಿಸಿದರೆ ಹೋಗುವ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಶ ಇರುತ್ತದೆ, ಅದರಲ್ಲಿ ಸ್ನಾಯುವೂ ಸೇರಿದೆ. ಊಟದ ಸಕ್ಕರೆ ಎಳೆದುಕೊಳ್ಳುವ ಅಂಗವನ್ನೇ ಕರಗಿಸಿಕೊಂಡು ಶುಗರ್ ಇಳಿಸಿದೆ ಅನ್ನುವುದು ಸರಿಯಾದ ವ್ಯಾಪಾರವಲ್ಲ. ಐವತ್ತು ದಾಟಿದವರಿಗಂತೂ ಕಳೆದುಹೋದ ಸ್ನಾಯು ವಾಪಸ್ ಬರುವುದು ಬಹಳ ನಿಧಾನ. ತೂಕ ಇಳಿಸುವ ಚುಚ್ಚುಮದ್ದು ತೆಗೆದುಕೊಳ್ಳುವವರಿಗೂ ಇದೇ ಚಿಂತೆ ಇದೆ. ಇದನ್ನು ತಡೆಯುವುದು ಭಾರದ ವ್ಯಾಯಾಮ ಮತ್ತು ಸಾಕಷ್ಟು ಪ್ರೋಟೀನ್. ವಾರಕ್ಕೆ ಎರಡು ಮೂರು ದಿನ ಸ್ಕ್ವಾಟ್, ಗೋಡೆಗೆ ಕೈಕೊಟ್ಟು ಪುಷ್‌ಅಪ್, ರಬ್ಬರ್ ಬ್ಯಾಂಡ್ ಎಳೆಯುವುದು, ಯಾವುದಾದರೂ ಸರಿ. 2010ರಲ್ಲಿ ಅಮೆರಿಕದಲ್ಲಿ 262 ಜನರ ಮೇಲೆ ನಡೆದ ಪ್ರಯೋಗದಲ್ಲಿ ನಡಿಗೆ ಮಾತ್ರ ಮಾಡಿದವರಿಗಾಗಲಿ, ಭಾರ ಮಾತ್ರ ಎತ್ತಿದವರಿಗಾಗಲಿ ಎಚ್‌ಬಿಎ1ಸಿ ಗಣನೀಯವಾಗಿ ಇಳಿಯಲಿಲ್ಲ. ಎರಡನ್ನೂ ಬೆರೆಸಿದವರಿಗೆ ಇಳಿಯಿತು.

ಇನ್ನು ತೂಕದ ಬಗ್ಗೆ ಒಂದು ಮಾತು. ಬ್ರಿಟನ್ನಿನ 'ಡೈರೆಕ್ಟ್' (DiRECT) ಎಂಬ ಹೆಸರಿನ ಪ್ರಯೋಗದಲ್ಲಿ ದಿನಕ್ಕೆ ಸುಮಾರು 850 ಕ್ಯಾಲರಿಯ ದ್ರವಾಹಾರ ಕೊಟ್ಟು ಒಂದು ವರ್ಷದಲ್ಲಿ ಶೇ. 46 ಜನರನ್ನು ಔಷಧವಿಲ್ಲದೆ ಡಯಾಬಿಟಿಸ್ ಮಿತಿಯಿಂದ ಹೊರಗೆ ತಂದರು. 15 ಕಿಲೊ ಅಥವಾ ಹೆಚ್ಚು ಇಳಿಸಿದವರಲ್ಲಿ ಆ ಪ್ರಮಾಣ ಶೇ. 86. ಆ ದ್ರವಾಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಕಾರ್ಬ್‌ನಿಂದಲೇ ಬರುತ್ತಿತ್ತು. ತೂಕ ಇಳಿಸುವ ಹಂತದಲ್ಲಿ ವ್ಯಾಯಾಮ ಹೆಚ್ಚಿಸಿ ಅಂತ ಹೇಳಿರಲೂ ಇಲ್ಲ. ಹಾಗಾಗಿ 'ಕಾರ್ಬ್ ಬಿಡದೆ ಟೈಪ್ 2 ಹಿಮ್ಮೆಟ್ಟುವುದೇ ಇಲ್ಲ' ಅನ್ನುವ ಮಾತನ್ನು ನಂಬಬೇಡಿ. ಲಿವರ್ ಮತ್ತು ಪ್ಯಾಂಕ್ರಿಯಾಸ್‌ನಲ್ಲಿ ಕೂತ ಕೊಬ್ಬು ಕರಗುವುದು ಅಲ್ಲಿ ಮುಖ್ಯ. ಕಡಿಮೆ ಕಾರ್ಬ್ ಅದಕ್ಕೊಂದು ದಾರಿ, ಹಲವರಿಗೆ ಹಸಿವು ತಡೆದುಕೊಳ್ಳಲು ಸುಲಭವಾದ ದಾರಿ. ಒಂದೇ ದಾರಿಯಲ್ಲ.

ಯಾವಾಗ ನಡೆಯಬೇಕು

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಚಿಕ್ಕದು, 41 ಜನರದ್ದು. ಆದರೆ ಬಹಳ ಉಪಯೋಗದ್ದು. ಟೈಪ್ 2 ಇರುವವರಿಗೆ ಒಮ್ಮೆ 'ದಿನಕ್ಕೆ 30 ನಿಮಿಷ ಯಾವಾಗ ಬೇಕಾದರೂ ನಡೆಯಿರಿ' ಅಂದರು. ಇನ್ನೊಮ್ಮೆ 'ಮೂರೂ ಮುಖ್ಯ ಊಟದ ನಂತರ ಹತ್ತು ಹತ್ತು ನಿಮಿಷ ನಡೆಯಿರಿ' ಅಂದರು. ಒಟ್ಟು ಹೊತ್ತು ಒಂದೇ. ಊಟದ ನಂತರ ನಡೆದಾಗ ಊಟದ ಬಳಿಕದ ಸಕ್ಕರೆ ಶೇ. 12 ಕಡಿಮೆ ಏರಿತು. ರಾತ್ರಿ ಊಟದ ನಂತರವಂತೂ ಶೇ. 22 ಕಡಿಮೆ. ರಾತ್ರಿಯ ಊಟದಲ್ಲೇ ಕಾರ್ಬ್ ಜಾಸ್ತಿ, ಆಮೇಲೆ ಕೂತೇ ಇರುವುದೂ ಜಾಸ್ತಿ, ಅದಕ್ಕೇ ಅಲ್ಲಿ ವ್ಯತ್ಯಾಸ ಎದ್ದು ಕಂಡಿತು.

ಹಿಂಬಾಗಿಲಿನ ಲೆಕ್ಕಕ್ಕೆ ಇದು ಸರಿಯಾಗಿ ಹೊಂದುತ್ತದೆ. ರಕ್ತಕ್ಕೆ ಸಕ್ಕರೆ ಬರುತ್ತಿರುವ ಹೊತ್ತಿಗೇ ಸ್ನಾಯು ಎಳೆದುಕೊಳ್ಳುತ್ತಿದ್ದರೆ ಶಿಖರ ಏಳುವುದೇ ಇಲ್ಲ. ಊಟದ ಬಳಿಕ ಸಕ್ಕರೆ ತುದಿ ಮುಟ್ಟುವುದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆಯಲ್ಲಿ. ಹಾಗಾಗಿ ಅದಕ್ಕೆ ಮೊದಲೇ, ತಿಂದು ಹದಿನೈದು ಇಪ್ಪತ್ತು ನಿಮಿಷಕ್ಕೇ ಎದ್ದು ನಡೆಯಲು ಶುರು ಮಾಡಿದರೆ ಒಳ್ಳೆಯದು. ವೇಗ ಬೇಕಿಲ್ಲ, ಮಾತಾಡುತ್ತಾ ನಡೆಯುವಷ್ಟಿದ್ದರೆ ಸಾಕು. ದಿನವಿಡೀ ಕುರ್ಚಿಯಲ್ಲಿ ಕೂರುವ ಕೆಲಸದವರು ಅರ್ಧ ಗಂಟೆಗೊಮ್ಮೆ ಎದ್ದು ಮೂರು ನಿಮಿಷ ಓಡಾಡಿದರೂ ಊಟದ ಬಳಿಕದ ಸಕ್ಕರೆ ಇಳಿಯುವುದು ಪ್ರಯೋಗಗಳಲ್ಲಿ ಕಂಡಿದೆ.

ಕಡಿಮೆ ಕಾರ್ಬ್ ಊಟ ಶಿಖರವನ್ನು ತಗ್ಗಿಸುತ್ತದೆ. ಊಟದ ನಂತರದ ನಡಿಗೆ ಉಳಿದದ್ದನ್ನು ಸವರುತ್ತದೆ. ಇಲ್ಲಿ ಇನ್ನೊಂದು ಅನುಕೂಲವೂ ಇದೆ. ನಡಿಗೆಯ ಬೆಂಬಲ ಇದ್ದಾಗ ಕಾರ್ಬ್ ಅನ್ನು ತೀರಾ ಕಟ್ಟುನಿಟ್ಟಾಗಿ ಕತ್ತರಿಸಬೇಕಾಗಿಲ್ಲ. ವರ್ಷದ ಮೇಲೂ ಉಳಿಯುವುದು ಅಂಥ ಮಧ್ಯಮ ದಾರಿಯೇ ಅಂತ ನನ್ನ ಅಭಿಪ್ರಾಯ. ದಿನಕ್ಕೆ 30 ಗ್ರಾಂ ಅಂತ ಹಠ ಹಿಡಿದು ನಾಲ್ಕು ತಿಂಗಳಿಗೆ ಬಿಡುವುದಕ್ಕಿಂತ 120 ಗ್ರಾಂ ಇಟ್ಟುಕೊಂಡು ದಿನಾ ನಡೆಯುವುದು ಮೇಲು.

ಮೀಟರ್ ದಾರಿ ತಪ್ಪಿಸುವ ಹೊತ್ತು

ಎರಡನ್ನೂ ಶುರು ಮಾಡಿದವರು ಮೀಟರ್ ನೋಡಿ ಹೆದರುವ ಸಂದರ್ಭಗಳಿವೆ. ಭಾರ ಎತ್ತಿದ ಮೇಲೆ ಅಥವಾ ಜೋರಾಗಿ ಓಡಿದ ಮೇಲೆ ಸಕ್ಕರೆ ಇಳಿಯುವ ಬದಲು ಏರಿರುತ್ತದೆ. 130 ಇದ್ದದ್ದು 170! ಇದು ವ್ಯಾಯಾಮದ ಸೋಲಲ್ಲ. ಜೋರು ಶ್ರಮಕ್ಕೆ ಅಡ್ರಿನಲಿನ್ ಏರುತ್ತದೆ, ಲಿವರ್ ಇರುವ ದಾಸ್ತಾನನ್ನು ರಕ್ತಕ್ಕೆ ಬಿಡುತ್ತದೆ. ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಮುಂದಿನ ದಿನದ ಅಂಕಿಗಳು ನಿಜ ಹೇಳುತ್ತವೆ.

ಇನ್ನೊಂದು, ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ. ಊಟದ ನಂತರದ ಅಂಕಿಗಳೆಲ್ಲ ಚೆನ್ನಾಗಿ ಇಳಿದರೂ ಇದು ಮಾತ್ರ ಹಟ ಹಿಡಿದು ನಿಲ್ಲುತ್ತದೆ. ಬೆಳಗಿನ ಜಾವ ಏಳುವ ಹಾರ್ಮೋನುಗಳು ಲಿವರ್‌ಗೆ ಸಕ್ಕರೆ ಬಿಡು ಅಂತ ಹೇಳುತ್ತವೆ. ಜೊತೆಗೆ ಅತಿ ಕಡಿಮೆ ಕಾರ್ಬ್ ತಿನ್ನುವವರ ಸ್ನಾಯು ಕೊಬ್ಬನ್ನೇ ಸುಡಲು ಕಲಿತು ಗ್ಲುಕೋಸ್ ಬೇಡ ಅನ್ನುತ್ತಿರುತ್ತದೆ. ಅಂಥವರು ಗ್ಲುಕೋಸ್ ಕುಡಿದು ಮಾಡುವ ಪರೀಕ್ಷೆಗೆ ಹೋದರೆ ಫಲಿತಾಂಶ ಇದ್ದದ್ದಕ್ಕಿಂತ ಕೆಟ್ಟದಾಗಿ ಬರಬಹುದು. ಅದಕ್ಕೇ ಆ ಪರೀಕ್ಷೆಗೆ ಮೊದಲು ಮೂರು ದಿನ ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬ್ ತಿನ್ನಬೇಕು ಅನ್ನುವ ನಿಯಮ ಇರುವುದು.

ಮಾತ್ರೆಯ ಮಾತು ಮೊದಲು

ಈಗ ಅತ್ಯಂತ ಮುಖ್ಯವಾದ ಭಾಗ. ಇದನ್ನು ಓದದೆ ಉಳಿದದ್ದನ್ನು ಶುರು ಮಾಡಬೇಡಿ.

ನಿಮ್ಮ ಔಷಧದ ಡೋಸ್ ನಿಗದಿಯಾಗಿರುವುದು ನಿಮ್ಮ ಹಳೆಯ ಊಟಕ್ಕೆ, ಹಳೆಯ ಓಡಾಟಕ್ಕೆ. ಊಟದ ಕಾರ್ಬ್ ಅರ್ಧ ಮಾಡಿ, ನಡಿಗೆಯನ್ನೂ ಸೇರಿಸಿ, ಡೋಸ್ ಮಾತ್ರ ಹಾಗೇ ಉಳಿಸಿಕೊಂಡರೆ ಸಕ್ಕರೆ ಕುಸಿಯಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಈ ಅಪಾಯ ಹೆಚ್ಚು. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆಂಕ್ಲಾಮೈಡ್‌ನಂಥ ಮಾತ್ರೆಗಳು ಪ್ಯಾಂಕ್ರಿಯಾಸ್‌ನಿಂದ ಇನ್ಸುಲಿನ್ ಹಿಂಡಿ ತೆಗೆಯುತ್ತವೆ, ನೀವು ತಿಂದಿದ್ದೀರೋ ಇಲ್ಲವೋ ಅವಕ್ಕೆ ಗೊತ್ತಿಲ್ಲ. ಅವೂ ಇದೇ ಸಾಲಿಗೆ ಸೇರುತ್ತವೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ಬಹಳ ಕಡಿಮೆ.

70ಕ್ಕಿಂತ ಕೆಳಗೆ ಹೋದರೆ ಅದು ಲೋ ಶುಗರ್. 54ಕ್ಕಿಂತ ಕೆಳಗೆ ಗಂಭೀರ. ಕೈ ನಡುಕ, ಬೆವರು, ಎದೆ ಡವಡವ, ಹಠಾತ್ ಹಸಿವು, ಮಾತು ತೊದಲುವುದು, ಗೊಂದಲ. ತಕ್ಷಣ 15 ಗ್ರಾಂ ಗ್ಲುಕೋಸ್ ಅಥವಾ ಸಕ್ಕರೆ ತೆಗೆದುಕೊಂಡು 15 ನಿಮಿಷ ಬಿಟ್ಟು ಮತ್ತೆ ಅಳೆಯಬೇಕು. ಏರದಿದ್ದರೆ ಇನ್ನೊಮ್ಮೆ. ಆ ಹೊತ್ತಿನಲ್ಲಿ ಕಡಿಮೆ ಕಾರ್ಬ್ ನಿಯಮ ನೆನಪಿಸಿಕೊಂಡು ಸಕ್ಕರೆಗೆ ಹಿಂಜರಿಯಬೇಡಿ, ಅದು ಔಷಧ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಕೂಡಲೇ ವೈದ್ಯಕೀಯ ನೆರವು ಕರೆಸಬೇಕು. ಸಂಜೆ ಚೆನ್ನಾಗಿ ವ್ಯಾಯಾಮ ಮಾಡಿದವರಿಗೆ ಈ ಕುಸಿತ ನಡುರಾತ್ರಿಯಲ್ಲಿ ಬರಬಹುದು ಅನ್ನುವುದನ್ನೂ ಮನೆಯವರಿಗೆ ಹೇಳಿಡಿ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತದ ಎಚ್ಚರಿಕೆ ಸರಿಯಾಗಿ ಕಾಣಿಸದೇ ಹೋಗಬಹುದು.

ಇದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವ ಅಪಾಯ ಇನ್ನೊಂದಿದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕ್ಯಾನಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯ ಔಷಧಗಳೇ. ಆದರೆ ಇವುಗಳ ಜೊತೆ ಅತಿ ಕಡಿಮೆ ಕಾರ್ಬ್ ಸೇರಿದರೆ ದೇಹ ಕೀಟೋನ್‌ಗಳನ್ನು (ಕೊಬ್ಬು ಒಡೆದಾಗ ಬರುವ ಆಮ್ಲೀಯ ವಸ್ತು) ವಿಪರೀತ ಮಾಡಿ ರಕ್ತ ಆಮ್ಲವಾಗಿಬಿಡಬಹುದು. ಉಪವಾಸ, ಕಠಿಣ ವ್ಯಾಯಾಮ, ವಾಂತಿಭೇದಿ ಜೊತೆಯಾದರೆ ಇನ್ನೂ ಅಪಾಯ. ಮೋಸ ಎಲ್ಲಿ ಅಂದರೆ, ಆಗ ಮೀಟರ್‌ನಲ್ಲಿ ಸಕ್ಕರೆ 250ಕ್ಕಿಂತ ಕೆಳಗೇ ಇರಬಹುದು. ಎಲ್ಲ ಸರಿ ಇದೆ ಅನ್ನಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಈ ಮಾತ್ರೆ ತೆಗೆದುಕೊಳ್ಳುವವರಿಗೆ ವಾಕರಿಕೆ, ಹೊಟ್ಟೆನೋವು, ವೇಗದ ಉಸಿರು, ವಿಪರೀತ ಸುಸ್ತು ಬಂದರೆ ಮೀಟರ್ ನಂಬಿ ಕೂರಬಾರದು. ಆಸ್ಪತ್ರೆಗೆ ಹೋಗಿ ಕೀಟೋನ್ ಪರೀಕ್ಷೆ ಮಾಡಿಸಬೇಕು.

ಕಾರ್ಬ್ ಇಳಿಸಿದ ಮೊದಲ ವಾರಗಳಲ್ಲಿ ದೇಹ ಉಪ್ಪು, ನೀರು ಹೊರಹಾಕುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಎದ್ದಾಗ ತಲೆಸುತ್ತು ಬರಬಹುದು. ಆ ಡೋಸ್ ಬಗ್ಗೆಯೂ ಕೇಳಬೇಕು.

ಕಣ್ಣಿನ ರೆಟಿನಾದಲ್ಲಿ ಹೊಸ ರಕ್ತನಾಳ ಬೆಳೆದಿರುವವರು ಉಸಿರು ಬಿಗಿಹಿಡಿದು ಭಾರ ಎತ್ತಬಾರದು, ಕಣ್ಣೊಳಗೆ ರಕ್ತಸ್ರಾವ ಆಗಬಹುದು. ಪಾದದಲ್ಲಿ ಸ್ಪರ್ಶ ಕಡಿಮೆಯಾದವರು ನಡೆದು ಬಂದ ಮೇಲೆ ಪಾದ ನೋಡಿಕೊಳ್ಳಲೇಬೇಕು. ಗರ್ಭಿಣಿಯರು, ಮುಂದುವರಿದ ಕಿಡ್ನಿ ಕಾಯಿಲೆಯವರು, ಊಟದ ಜೊತೆಗಿನ ಸಂಬಂಧವೇ ಕೆಟ್ಟಿರುವವರು ಕಟ್ಟುನಿಟ್ಟಿನ ಕಡಿಮೆ ಕಾರ್ಬ್‌ಗೆ ಕೈಹಾಕಬಾರದು. ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಬಗೆ ಇರುವವರಿಗೆ ಲೆಕ್ಕವೇ ಬೇರೆ. ಅವರಿಗೆ ಇನ್ಸುಲಿನ್ ಬಿಡುವ ಮಾತೇ ಇಲ್ಲ.

ಕಾರ್ಬ್ ತೆಗೆದ ಜಾಗಕ್ಕೆ ಏನು ಬರುತ್ತದೆ ಅನ್ನುವುದೂ ಮುಖ್ಯ. 2022ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಒಂದೇ ಜನರಿಗೆ ಒಮ್ಮೆ ಕೀಟೊ, ಒಮ್ಮೆ ಮೆಡಿಟರೇನಿಯನ್ ಆಹಾರ (ಕಾಳು, ಹಣ್ಣು, ಇಡೀ ಧಾನ್ಯವೂ ಇರುವ ಊಟ) ಕೊಟ್ಟು ನೋಡಿದರು. ಎರಡರಲ್ಲೂ ಸಕ್ಕರೆ, ಮೈದಾ ತೆಗೆದು ತರಕಾರಿ ಹೆಚ್ಚಿಸಿದ್ದರು. ಎಚ್‌ಬಿಎ1ಸಿಯಲ್ಲಿ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಕೀಟೊದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎಲ್‌ಡಿಎಲ್ ಏರಿತು, ನಾರಿನಂಶ ಕಡಿಮೆಯಾಯಿತು. ಹಾಗಾಗಿ ಕಾಳು, ಹಣ್ಣುಗಳನ್ನೂ ಸಕ್ಕರೆ, ಮೈದಾ ಜೊತೆ ಒಂದೇ ಪಟ್ಟಿಗೆ ಹಾಕಿ ಓಡಿಸುವುದು ಸರಿಯಲ್ಲ. ಮೊದಲು ಹೋಗಬೇಕಾದದ್ದು ಸಿಹಿ ಪಾನೀಯ, ಆಮೇಲೆ ನಯಗೊಳಿಸಿದ ಹಿಟ್ಟು, ಆಮೇಲೆ ತಟ್ಟೆಯಲ್ಲಿನ ಧಾನ್ಯದ ರಾಶಿ. ಆ ಜಾಗಕ್ಕೆ ಸೊಪ್ಪು, ತರಕಾರಿ, ಮೊಟ್ಟೆ, ಮೀನು, ಕಾಳು, ಬೀಜಗಳು ಬರಲಿ.

ಡೋಸ್ ಬಗ್ಗೆ ವೈದ್ಯರ ಜೊತೆ ಮಾತಾಡಿ ಶುರು ಮಾಡಿದ ಮೇಲೆ ಒಂದು ಸಣ್ಣ ಪರೀಕ್ಷೆ ಮನೆಯಲ್ಲೇ ಮಾಡಿ ನೋಡಿ. ಒಂದು ದಿನ ಮಾಮೂಲಿ ರಾತ್ರಿ ಊಟ ಮಾಡಿ ಕೂತಿರಿ. ಊಟಕ್ಕೆ ಮೊದಲು ಮತ್ತು ಒಂದೂವರೆ ಗಂಟೆ ಬಳಿಕ ಅಳೆಯಿರಿ. ಇನ್ನೊಂದು ದಿನ ಅದೇ ಊಟ, ಆದರೆ ಬಳಿಕ ಹದಿನೈದು ನಿಮಿಷ ನಡಿಗೆ. ಮೂರನೇ ದಿನ ಕಾರ್ಬ್ ಅರ್ಧ, ನಡಿಗೆ ಇಲ್ಲ. ನಾಲ್ಕನೇ ದಿನ ಎರಡೂ. ಎಂಟು ಅಂಕಿ ಸಿಗುತ್ತವೆ. ಯಾರಿಗೆ ಯಾವುದು ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಕೆಲವರಿಗೆ ನಡಿಗೆಯೇ ಸಾಕಾಗಿರುತ್ತದೆ, ಕೆಲವರಿಗೆ ಊಟ ಬದಲಿಸದೆ ಅಂಕಿ ಕದಲುವುದಿಲ್ಲ. ಆ ಹಾಳೆಯನ್ನು ಮುಂದಿನ ಭೇಟಿಗೆ ಜೊತೆಗೆ ಒಯ್ಯಿರಿ. ಡೋಸ್ ಎಷ್ಟು ಇಳಿಸಬಹುದು ಅಂತ ನಿರ್ಧರಿಸಲು ವೈದ್ಯರಿಗೂ ಅದು ಬೇಕಾಗುತ್ತದೆ. ಎಚ್‌ಬಿಎ1ಸಿ ಪರೀಕ್ಷೆಗೆ ಮಾತ್ರ ಮೂರು ತಿಂಗಳು ಕಾಯಿರಿ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ, ತೀರಾ ಬೇಗ ಮಾಡಿಸಿದರೆ ಹಳೆಯ ಊಟದ ಲೆಕ್ಕವೂ ಅದರಲ್ಲಿ ಬೆರೆತಿರುತ್ತದೆ.